ಏಳನೇ ಕಂಬದ ಮುನೇಶ್ವರ

ಬಚ್ಚಪ್ಪನಿಗೆ ಒಂದೇ ಕಣ್ಣು. ಇನ್ನೊಂದು ಸೂಳಗಿರಿ ಕಡೆಯ ಕಲ್ಲುಕ್ವಾರಿಯಲ್ಲಿ ಚಕ್ಕೆ ಸಿಡಿದು ಹೋಗಿತ್ತು. ಕ್ವಾರಿಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಹೊಸೂರಿನ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ನಾಲ್ಕು ತಿಂಗಳು ನಿಂತ. ನಾನು ಆಗ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ದಿನಾ ಬೆಳಿಗ್ಗೆ ಅವನಿಗೆ "ಇಲ್ಲ, ಹೋಗಪ್ಪ" ಎನ್ನುವುದೂ ನನ್ನ ಕೆಲಸವಾಗಿತ್ತು.

೧೯೮೦ರಲ್ಲಿ ಮಷೀನು ಜೋಡಿಸಲು ಅಮೆರಿಕದಿಂದ ಒಬ್ಬ ಎಂಜಿನಿಯರ್ ಬಂದ. ಸಂಜೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಕಾರ್ಖಾನೆಯ ಹಿಂದಿನ ಬೀಳಿನಲ್ಲಿ ಒಂಬತ್ತು ಕಬ್ಬಿಣದ ಕಂಬ ನೆಡಿಸಿ, ಒಂದೊಂದಕ್ಕೂ ಬುಟ್ಟಿ ವೆಲ್ಡಿಂಗ್ ಮಾಡಿಸಿ, ಮೇಲಿಂದ ಸರಪಳಿ ಇಳಿಬಿಡಿಸಿದ. ದೂರದಿಂದ ಪ್ಲಾಸ್ಟಿಕ್ ತಟ್ಟೆ ಬೀಸಿ ಎಸೆಯಬೇಕು. ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಮುಂದಿನ ಕಂಬಕ್ಕೆ ನಡೆ. ಕಡಿಮೆ ಎಸೆತದಲ್ಲಿ ಒಂಬತ್ತನ್ನೂ ಮುಗಿಸಿದವನು ಗೆದ್ದ. ಡಿಸ್ಕ್ ಗಾಲ್ಫ್ ಅಂತೆ. ಊರವರು ತಟ್ಟೆ ಮೈದಾನ ಅಂದರು. ಗೇಟಿನಲ್ಲಿದ್ದ ಬಚ್ಚಪ್ಪನನ್ನು ಆ ಎಂಜಿನಿಯರೇ ಕರೆದು ಮೈದಾನ ನೋಡಿಕೊಳ್ಳಲು ಇಟ್ಟುಕೊಂಡ. ಗುರಿ ಇಡೋದಕ್ಕೆ ಒಂದು ಕಣ್ಣು ಸಾಕು ಎಂದು ನಕ್ಕ. ಆ ಮಾತನ್ನು ಬಚ್ಚಪ್ಪ ಊರಿಗೆಲ್ಲ ಹಂಚಿದ.

ಎರಡು ವರ್ಷಕ್ಕೆ ಎಂಜಿನಿಯರ್ ಹೊರಟುಹೋದ. ಬಚ್ಚಪ್ಪ ಇನ್ನೂ ದಿನಗೂಲಿಯೇ. ಆಡುವವರು ಇರುವ ತನಕ ನೀನಿರುತ್ತೀಯ, ಇಲ್ಲದಿದ್ದರೆ ಇಲ್ಲ ಎಂದು ಮ್ಯಾನೇಜರು ಖಡಾಖಂಡಿತ ಹೇಳಿದ್ದರು. ಒಂಟಿಕಣ್ಣಿನವನಿಗೆ ಇನ್ನೆಲ್ಲಿ ಕೆಲಸ?

ಮೈದಾನಕ್ಕೆ ಯಾರೂ ಏನೂ ಕೊಡಲಿಲ್ಲ. ಎರಡು ಕುಡುಗೋಲಿಗೆಂದು ನಾನು ಮೂರು ಸಲ ಕಾಗದ ಕಳಿಸಿದೆ. ಮೂರೂ ಎಲ್ಲಿ ಹೋದವೋ. ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯಿತು. ಬಚ್ಚಪ್ಪ ಬರಿಗೈಯಲ್ಲಿ ಕಿತ್ತು ಕಿತ್ತು ಮೊಣಕೈವರೆಗೆ ಕಜ್ಜಿ ಮಾಡಿಕೊಂಡ. ತಟ್ಟೆಗಳು ಒಡೆದವು, ಪೊದೆ ಸೇರಿದವು. ಆಮೇಲೆ ಸರಪಳಿಗಳೂ ಒಂದೊಂದಾಗಿ ಕಳುವಾದವು. ಯಾವ ಸರಪಳಿ ಯಾರ ಎಮ್ಮೆಯ ಕೊರಳಲ್ಲಿದೆ ಎಂದು ಊರಿಗೆಲ್ಲ ಗೊತ್ತು, ಹೇಳುವವರು ಮಾತ್ರ ಇಲ್ಲ. ೧೯೮೫ರ ಹೊತ್ತಿಗೆ ಉಳಿದದ್ದು ಮೂರು ಕಂಬದ್ದು. ಭಾನುವಾರ ಐದಾರು ಫಿಟ್ಟರುಗಳು ಆ ಮೂರರಲ್ಲೇ ಆಡುತ್ತಿದ್ದರು. ನಾನು ದಿನಗೂಲಿ ಪುಸ್ತಕದಲ್ಲಿ ಬಚ್ಚಪ್ಪನ ಹೆಸರಿನ ಮುಂದೆ "ಆರು ಜನ" ಎಂದು ಬರೆದುಕೊಳ್ಳುತ್ತಿದ್ದೆ. ಆ ಒಂದು ಸಾಲಿನ ಮೇಲೆ ಅವನ ಮನೆ ನಿಂತಿತ್ತು.

ಒಂದು ದಿನ ಕಳ್ಳರ ಕಾಟ ತಾಳದೆ ಅವನು ಆ ಮೂರರಲ್ಲಿ ಒಂದಾದ, ಬೇವಿನ ಮರದ ಕೆಳಗಿದ್ದ ಏಳನೇ ಕಂಬಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟ. ಬುಡದಲ್ಲಿ ಮೂರು ಕಲ್ಲು ನಿಲ್ಲಿಸಿದ. ಮುನೇಶ್ವರ ಎಂದ. ಕಳ್ಳತನ ಅಂದಿಗೇ ನಿಂತಿತು. ನನ್ನ ಹತ್ತಿರ ಬಂದು ಹಲ್ಲು ಕಿರಿದ. ಮೂರ್ಖನಂತೆ ನಾನೂ ಶಹಬ್ಬಾಸ್ ಅಂದೆ.

ಮೊದಲು ಮುನಿವೆಂಕಟಮ್ಮ ಎಂಬವಳು ಮಗುವಿನ ಜ್ವರಕ್ಕೆ ಹರಕೆ ಕಟ್ಟಿಕೊಂಡಳು. ಜ್ವರ ಇಳಿಯಿತು. ಮುಂದಿನ ಮಂಗಳವಾರ ಸರಪಳಿಯ ತುಂಬ ಹಸಿರು ಬಳೆ. ಅದರ ಮುಂದಿನ ವಾರ ಕೋಳಿ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಬಚ್ಚಪ್ಪ. ಭಾನುವಾರ ಆಡಲು ಬಂದ ಫಿಟ್ಟರ್ ರಾಮಾಂಜಿನಪ್ಪ ತಟ್ಟೆ ಕೆಳಗಿಟ್ಟ.

"ಮುನೇಶ್ವರನ ಮೇಲೆ ತಟ್ಟೆ ಎಸ್ದು ನನ್ ಕೈ ಬಿದ್ದೋದ್ರೆ, ನಿನ್ ಕೈ ಕೊಡ್ತೀಯೇನ್ಲಾ?"

"ಅಯ್ಯೋ ಅಣ್ಣಾ, ಕುಂಕುಮ ಹಚ್ಚಿದ್ದು ನಾನೇ!"

"ಯಾರು ಹಚ್ಚಿದ್ರೇನ್ಲಾ, ಕುಂಕುಮ ಕುಂಕುಮಾನೇ."

ಮರುವಾರದಿಂದ ಒಬ್ಬನೂ ಬರಲಿಲ್ಲ. ಬಚ್ಚಪ್ಪ ನನ್ನ ಮೇಜಿನ ಮುಂದೆ ನಿಂತು, "ಸಾಮಿ, ಆರು ಜನ ಅಂತಾನೇ ಬರ್ಕೊಳ್ಳಿ, ನಿಮ್ ಕಾಲಿಗ್ ಬೀಳ್ತೀನಿ" ಎಂದ. ಎರಡು ತಿಂಗಳು ಸುಳ್ಳು ಬರೆದೆ. ಅಷ್ಟರಲ್ಲಿ ಯಾವ ದಿನಗೂಲಿಯನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ನೋಡಲು ಮದ್ರಾಸಿನಿಂದ ಹೊಸ ಆಫೀಸರು ಬಂದರು. ಬಂದದ್ದೂ ಮಂಗಳವಾರ. ಬಳೆ, ಕೋಳಿ ರಕ್ತ, ಹೊಗೆಯೇಳುವ ಒಲೆ, ಮೂವತ್ತು ಹೆಂಗಸರು.

"ಇದು ಗ್ರೌಂಡಾ, ಕೋಯಿಲಾ?" ಎಂದು ಆಫೀಸರು ತಮಿಳಿನಲ್ಲಿ ಕೇಳಿದರು. ಕೋಯಿಲ್ ಅಂದರೆ ಗುಡಿ.

"ಗ್ರೌಂಡೇ ಸಾಮಿ, ದೇವ್ರಾಣೆ ಗ್ರೌಂಡೇ!" ಬಚ್ಚಪ್ಪ ಟವಲಿನಿಂದ ಕುಂಕುಮ ಒರೆಸಲು ಹೋದ. ಹೆಂಗಸರು ಕೂಗಿಕೊಂಡರು. ಅವನ ಹೆಂಡತಿ ಮಂಗಮ್ಮನೇ ಓಡಿಬಂದು ಕೈ ಹಿಡಿದಳು. "ಬ್ಯಾಡ ಕಣೋ, ಒಂದ್ ಕಣ್ಣು ಹೋಗಿರೋದು ಸಾಲ್ದಾ?"

ಅವನು ಕೈ ಕೊಸರಿಕೊಂಡು ಚೀಲದಿಂದ ಕೊನೆಯ ತಟ್ಟೆಯನ್ನು ತೆಗೆದ, ಅಂಚು ಸೀಳಿದ್ದು. ಆರು ವರ್ಷದಲ್ಲಿ ಅವನು ಎಸೆದದ್ದನ್ನು ನಾನು ನೋಡಿರಲಿಲ್ಲ. ನಲವತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಅಳುತ್ತಲೇ ಬೀಸಿದ. ತಟ್ಟೆ ನೆಟ್ಟಗೆ ಹೋಗಿ ಸರಪಳಿಗೆ ಬಡಿಯಿತು. ಝಲ್ಲೆಂದಿತು. ಬುಟ್ಟಿಗೆ ಬಿತ್ತು.

"ನೋಡಿ ಸಾಮಿ! ಆಟ! ಇದು ಆಟ!"

ಮೂವತ್ತು ಹೆಂಗಸರೂ ಕೈ ಮುಗಿದರು. ಒಂಟಿಕಣ್ಣಿನವನ ಕೈಯಲ್ಲಿ ಮುನೇಶ್ವರನೇ ಎಸೆಯಿಸಿದನೆಂದು ಮುನಿವೆಂಕಟಮ್ಮ ಅಡ್ಡಬಿದ್ದಳು. ಎದ್ದು, ಬುಟ್ಟಿಯಲ್ಲಿ ಬಿದ್ದಿದ್ದ ಆ ತಟ್ಟೆಯಲ್ಲೇ ಎಲೆ ಅಡಿಕೆ ಇಟ್ಟು ಕರ್ಪೂರ ಹಚ್ಚಿದಳು. ಪ್ಲಾಸ್ಟಿಕ್ ಕರಗಿ ಬುಟ್ಟಿಯ ಸಂದಿನಿಂದ ತೊಟ್ಟಿಕ್ಕಿತು. ಆಫೀಸರು ಬೂಟು ಬಿಚ್ಚಿ, ತಾವೂ ಕೈ ಮುಗಿದು, ನನ್ನ ಕಡೆ ತಿರುಗಿ ಪುಸ್ತಕ ಕೇಳಿದರು. ಕೊಟ್ಟೆ.

ಬಚ್ಚಪ್ಪ ಏದುಸಿರು ಬಿಡುತ್ತ ನನ್ನ ಹತ್ತಿರ ಬಂದ.

"ಬಿತ್ತಲ್ಲ ಸಾಮಿ, ಒಂದೇ ಏಟ್ಗೆ ಬಿತ್ತಲ್ಲ. ಬರ್ಕೊಂಡ್ರಾ?"

ಆಫೀಸರು ಆಗಲೇ ಅವನ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು.