ಮೋತ್ಯಾನ ಹೊಟ್ಟೆ, ನನ್ನ ಮಾನ

ನಮ್ಮ ಮನೆಯಲ್ಲಿ ಹೊಟ್ಟೆಯ ಸದ್ದನ್ನು ಯಾರಿಂದಲೂ ಮುಚ್ಚಿಡದವನು ಮೋತ್ಯಾ ಒಬ್ಬನೇ. ಅವನು ನಮ್ಮ ನಾಯಿ. ನಾನಾದರೋ, ಪರೀಕ್ಷೆಯ ಕೋಣೆಯಲ್ಲಿ ಹೊಟ್ಟೆ ಎಲ್ಲಿ ಗುರ್ ಎಂದೀತೋ ಎಂಬ ಭಯಕ್ಕೆ ಬ್ಯಾಗಿನಲ್ಲಿ ಬಿಸ್ಕೀಟು ಇಟ್ಟುಕೊಂಡು ಹೋಗುತ್ತಿದ್ದವಳು. ಅಷ್ಟಾಗಿಯೂ ಸದ್ದು ಬಂದರೆ ಬೆಂಚನ್ನು ಕರ್ ಎಂದು ಸರಿಸಿ ಅಪರಾಧವನ್ನು ಅದರ ಮೇಲೆ ಹೊರಿಸುತ್ತಿದ್ದೆ. ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ರಸಾಯನಶಾಸ್ತ್ರಕ್ಕಿಂತ ಈ ವಿದ್ಯೆಯೇ ನನಗೆ ಚೆನ್ನಾಗಿ ಒಲಿದಿತ್ತು.

ಮೋತ್ಯಾನಿಗೆ ಇಂಥ ಸಂಕೋಚವಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವನಿಂದ ಬರುವುದು ಎಣ್ಣೆ ಕಾಣದ ಬಾಗಿಲಿನ ಸದ್ದು. ಉಂಡ ಮೇಲೆ ತುಂಬಿದ ಕೊಡ ಬಗ್ಗಿಸಿದಂತೆ ಗೊಳಗೊಳ. ತಿನ್ನಬಾರದ್ದನ್ನು ತಿಂದಿದ್ದರೆ ಮಾತ್ರ ದೂರದಲ್ಲಿ ಟ್ರ್ಯಾಕ್ಟರ್ ಏರು ಹತ್ತಿದ ಹಾಗೆ. ಆಗ ಅವನು ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನು ತಾನೇ ಸಂಶಯದಿಂದ ನೋಡುತ್ತಾನೆ, ಅಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೆ ಎಂಬಂತೆ.

ಈ ಸದ್ದಿಗೆ ವೈದ್ಯಶಾಸ್ತ್ರದಲ್ಲಿ ಬಾರ್ಬರಿಗ್ಮಸ್ ಎಂಬ ಹೆಸರಿದೆ. ಗ್ರೀಕರು ಹೊಟ್ಟೆಯ ಸದ್ದನ್ನು ಕೇಳಿಯೇ ಇಟ್ಟ ಹೆಸರಂತೆ. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದರೆ ನಿಮಗೂ ನಂಬಿಕೆ ಬರುತ್ತದೆ. ನಮ್ಮ ಕಡೆ ಹಸಿದವರ ಹೊಟ್ಟೆ ಕನ್ನಡದಲ್ಲಾದರೆ ತಾಳ ಹಾಕುತ್ತದೆ, ಮರಾಠಿಯಲ್ಲಾದರೆ ಅದರೊಳಗೆ ಕಾಗೆಗಳು ಕೂಗುತ್ತವೆ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಸಂಖದಂಥ ಊರಿನಲ್ಲಿ ಬೆಳೆದವರ ಹೊಟ್ಟೆಯಲ್ಲಿ ತಾಳವೂ ಇರುತ್ತದೆ, ಕಾಗೆಯೂ ಇರುತ್ತದೆ. ಹೀಗಿರುವಾಗ ಮೌನವಾಗಿರುವುದು ಎಷ್ಟು ಕಷ್ಟವೆಂದು ಯೋಚಿಸಿ.

ಮೋತ್ಯಾನನ್ನು ಅಪ್ಪ ತಂದದ್ದು ಕುಣಿಕೋಣೂರಿನ ಒಂದು ಕುರಿಹಟ್ಟಿಯಿಂದ. ಕುರಿ ಕಾಯಲೆಂದೇ ಹುಟ್ಟಿದವನು, ಆದರೆ ಒಂದು ಟಗರು ಹಾಯ್ದದ್ದೇ ನೆಪವಾಗಿ ಕುರಿಗಳನ್ನು ಕಂಡರೆ ನಡುಗುತ್ತಿದ್ದ. ಹಾಗೆ ಕೆಲಸ ಕಳೆದುಕೊಂಡು ನಮ್ಮ ಮನೆ ಸೇರಿದ. ಅವ್ವ ಅವನನ್ನು ಒಂದೇ ಕರಾರಿನ ಮೇಲೆ ಇಟ್ಟುಕೊಂಡಿದ್ದಳು. “ಅಂಗಳದಾಗ ಇರ್ಲಿ. ಅಯ್ಯನೋರು ಪೂಜಿಗಿ ಬಂದ ದಿನ ಒಳಗ ಕಾಲಿಟ್ಟಿತಂದ್ರ ಮರುದಿನಾನ ಕುರಿ ಹಿಂದ ಹಚ್ಚಿ ಬಿಡ್ತೀನಿ.”

ಅವ್ವ ಆಡಿದ ಮಾತು ತಪ್ಪುವವಳಲ್ಲ. ಇದು ನನಗೆ ಗೊತ್ತಿತ್ತು. ಆದರೂ ಈ ಶ್ರಾವಣದ ಒಂದು ಸೋಮವಾರ, ನಮ್ಮ ಮನೆತನದ ಅಯ್ಯನವರು ಪೂಜೆಗೆ ಬರುವ ದಿನ, ಮೋತ್ಯಾನನ್ನು ಪಡಸಾಲೆಯ ಮಂಚದ ಕೆಳಗೆ ಅಡಗಿಸಿ ಅಂಚಿಗೆ ಕೌದಿ ಇಳಿಬಿಟ್ಟೆ. ಕಾರಣವಿತ್ತು. ನಮ್ಮ ಓಣಿಯಲ್ಲಿ ನಾಯಿಗೆ ಮನೆಗೊಂದು ತುತ್ತು ಹಾಕುವ ರೂಢಿ. ಹಬ್ಬದ ಸೋಮವಾರ ಆ ತುತ್ತಿಗೆ ತುಪ್ಪ ಬಿದ್ದಿರುತ್ತದೆ. ಅಂಗಳದಲ್ಲಿ ಕಟ್ಟಿಹಾಕಿದರೂ ಅಲ್ಲಿಗೇ ತಂದು ಹಾಕುತ್ತಾರೆ. ಬೆಳಿಗ್ಗೆಯಿಂದಲೇ ಅವನ ಹೊಟ್ಟೆಯಲ್ಲಿ ಟ್ರ್ಯಾಕ್ಟರ್ ಶುರುವಾಗಿತ್ತು. ಒಳಗಿದ್ದರೆ ಏನೂ ತಿನ್ನದೆ ಮಲಗಿಕೊಂಡಿರುತ್ತಾನೆ ಎಂದು ನಾನು ಲೆಕ್ಕ ಹಾಕಿದ್ದೆ.

ಪೂಜೆ ನಡೆಯಿತು. ನಾನು ಮಂಚಕ್ಕೆ ಬೆನ್ನು ಕೊಟ್ಟು ಕೌದಿಯನ್ನು ಕಾಯುತ್ತ ಕೂತಿದ್ದೆ. ಅಯ್ಯನವರು ಕಣ್ಣು ಮುಚ್ಚಿದರು, ಎಲ್ಲರೂ ಕಣ್ಣು ಮುಚ್ಚಿದರು, ಮನೆ ನಿಶ್ಶಬ್ದವಾಯಿತು. ಆಗ ಏರು ಹತ್ತಿತು ಟ್ರ್ಯಾಕ್ಟರ್. ಅರ್ಧ ದಾರಿಯಲ್ಲಿ ನಿಂತು, ಗೇರ್ ಬದಲಿಸಿ, ಮತ್ತೆ ಹತ್ತಿತು.

ಕಣ್ಣುಗಳೆಲ್ಲ ತೆರೆದವು, ತೆರೆದು ನನ್ನ ಮೇಲೆ ನಿಂತವು. ಮಂಚದ ಕಡೆ ಕೂತವಳು ನಾನೊಬ್ಬಳೇ. ಅಂದು ಪೂಜೆಯ ತನಕ ಉಪವಾಸವಿದ್ದವಳೂ ನಾನೇ. ಜೀವಮಾನವಿಡೀ ಬೆಂಚು ಸರಿಸಿ ಕಾಪಾಡಿಕೊಂಡ ಮಾನ ಒಂದು ಗಳಿಗೆಯಲ್ಲಿ ಹೋಯಿತು. ನನ್ನದಲ್ಲ ಎಂದು ಹೇಳಿದರೆ ಯಾರದು ಎಂದು ಹೇಳಬೇಕು. ಹೇಳಿದರೆ ಮೋತ್ಯಾ ಕುಣಿಕೋಣೂರಿಗೆ. ತಲೆ ತಗ್ಗಿಸಿದೆ. ಅದನ್ನೇ ಒಪ್ಪಿಗೆಯೆಂದು ತಿಳಿದ ಅಯ್ಯನವರು ಮೃದುವಾಗಿ ಅಂದರು, “ಪಾಪ, ಹಸದಾಳ್ರಿ ಹುಡುಗಿ. ನಮ್ಮ ಪಂಕ್ತ್ಯಾಗೇ ಕುಂದರಸ್ರಿ ಆಕಿನ್ನ.”

ನಮ್ಮಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಒಂದಗುಳು ಬಿಡುವಂತಿಲ್ಲ, ಹಿರಿಯರು ತಾಟು ತೊಳೆದ ನೀರನ್ನೂ ಕುಡಿಯುತ್ತಾರೆ. ಇನ್ನು ನೀಡುವವಳು ನನ್ನ ದೊಡ್ಡವ್ವ. ‘ಬ್ಯಾಡ’ ಎಂಬ ಮಾತನ್ನು ಅವಳು ಈ ತನಕ ನಂಬಿದ್ದೇ ಇಲ್ಲ. ಅಯ್ಯನವರ ಮಗ್ಗುಲಲ್ಲಿ, ಅದೇ ಮಂಚಕ್ಕೆ ಒರಗಿ ಕೂತ ನನಗೆ ನಾಚಿಕೆಗೆ ಒಂದು ತುತ್ತೂ ಸೇರಲಿಲ್ಲ. ಬಿಡುವಂತಿಲ್ಲ, ತಿನ್ನಲಾಗುವುದಿಲ್ಲ. ಎಡಗೈ ಕೌದಿಯ ಹಿಂದೆ ಹೋಯಿತು. ಹೋಳಿಗೆ ಮಾಯವಾಯಿತು.

ತಾಟು ಖಾಲಿಯಾದದ್ದು ನೋಡಿ ದೊಡ್ಡವ್ವ, ನಾನು ಬ್ಯಾಡ ಬ್ಯಾಡ ಎಂದರೂ, ಇನ್ನೊಂದು ಹಾಕಿ ತುಪ್ಪ ಸುರಿದಳು. ಅದೂ ಕೌದಿಯ ಹಿಂದೆ ಹೋಯಿತು. ಮಂಚದ ಕೆಳಗಿಂದ ಗುಡುಗು ಕೇಳಿತು. “ಅಯ್ಯ, ಇನ್ನೂ ಹೊಟ್ಟಿ ಕೂಗಲಾಕತ್ತೇತಿ, ಬಾಯಿ ಬ್ಯಾಡ ಅಂತೇತಿ. ಯಾವದ ಖರೇ ಅಂತ ತಿಳಕೊಳ್ಳೂದು?” ಎನ್ನುತ್ತ ದೊಡ್ಡವ್ವ ಮತ್ತೆ ನೀಡಿದಳು. ವಿಜ್ಞಾನ ಓದಿದವಳು ನಾನು. ಈ ಕ್ರಿಯೆ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಇದಕ್ಕೆ ಕೊನೆಯೆಂಬುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸದ್ದು ಬಂದಷ್ಟೂ ಹೋಳಿಗೆ, ಹೋಳಿಗೆ ಹೋದಷ್ಟೂ ಸದ್ದು. ತಡೆಯಲು ಬೇಕಾದದ್ದು ಒಂದೇ ಮಾತು. ಅದನ್ನು ಆಡುವ ಧೈರ್ಯ ಇರಲಿಲ್ಲ.

ಅಯ್ಯನವರು ಹೋಳಿಗೆಯಿಂದ ಕಣ್ಣೆತ್ತದೆ, ನನಗಷ್ಟೇ ಕೇಳುವಂತೆ ಅಂದರು, “ತಂಗಿ, ನಿನ್ನ ಹೊಟ್ಟಿಗಿ ಬಾಲ ಐತಿ ನೋಡು. ಲಗೂನ ಒಳಗ ತಗೋ, ನಿಮ್ಮವ್ವ ಬರ್ಲಾಕತ್ತಾಳ.”

ನೋಡಿದೆ. ಕೌದಿಯ ಅಂಚಿನಿಂದ ಬಾಲ ಹೊರಗೆ ಬಂದು, ಅಯ್ಯನವರ ಮಡಿಪಂಚೆಯನ್ನು ಸಂತೋಷದಿಂದ ಗುಡಿಸುತ್ತಿತ್ತು. ನಾನು ಕೈ ಚಾಚುವಷ್ಟರಲ್ಲಿ ಬಾಲ ತಾನೇ ಒಳಗೆ ಹೋಯಿತು, ಅದರ ಬದಲು ತಲೆ ಹೊರಗೆ ಬಂತು. ಮೋತ್ಯಾ ಪಂಕ್ತಿಯ ನಡುವೆ ನಿಂತು, ಬೆನ್ನು ಬಾಗಿಸಿ, ತಾನು ಉಂಡದ್ದನ್ನೆಲ್ಲ ಅವ್ವನ ಕಾಲ ಬಳಿ ಒಪ್ಪಿಸಿದ.

“ನಾಯಿ ಹೊಟ್ಟ್ಯಾಗ ತುಪ್ಪ ದಕ್ಕತೈತೇನ?” ಎಂದಳು ದೊಡ್ಡವ್ವ. ಗಾದೆ ಇಷ್ಟು ನಿಖರವಾಗಿ ಒದಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವ್ವ ಗಾದೆ ಹೇಳಲಿಲ್ಲ, ಬೈಯಲೂ ಇಲ್ಲ. ಪ್ರಸಾದವನ್ನು ನಾನು ಏನು ಮಾಡಿದೆನೆಂದು ನೆಲವೇ ಹೇಳುತ್ತಿತ್ತು. ಒರೆಸಿ, ಕೈತೊಳೆದು, ಅಪ್ಪನಿಗೆ ಅಂದಳು, “ನಾಳೆ ಕುಣಿಕೋಣೂರಿಗಿ ಹೋಗಿ ಬರ್ರಿ.” ಅಯ್ಯನವರು “ಇರ್ಲಿ ಬಿಡ್ರಿ ತಾಯಿ, ಉಂಡದ್ದು ಜೀವಾನ ಅಲ್ಲ?” ಅಂದರೂ ಅವಳು ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ. ಅತಿಥಿಗಳ ಮುಂದೆ ಅವಳ ಮುಖ ಕೆಂಪಾಗಿದ್ದು ನನಗೆ ಕಂಡಿತು. ಆ ತನಕ ನಾನು ನಾಚಿದ್ದೆಲ್ಲ ನನಗಾಗಿ. ಈಗ ಅವಳಿಗಾಗಿಯೂ ನಾಚಬೇಕಾಯಿತು. ಅದು ಹೆಚ್ಚು ಸುಡುತ್ತದೆ.

ಎಲ್ಲರೂ ಹೋದ ಮೇಲೆ ಮೋತ್ಯಾ ಅಂಗಳದ ಬೇವಿನ ಗಿಡದ ಕೆಳಗೆ ಬಿದ್ದುಕೊಂಡ. ಕರೆದರೆ ಕಿವಿ ಅಲ್ಲಾಡಲಿಲ್ಲ. ದನದ ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಮರಾಠಿಯಲ್ಲಿ, “ಆವಾಜ್ ಯೇತೋಯ್ ಕಾ?” ಸದ್ದು ಬರುತ್ತಿದೆಯೇ ಎಂದು. ಅಂಥ ಪ್ರಶ್ನೆಯನ್ನು ಯಾರಾದರೂ ಆಸೆಯಿಂದ ಕೇಳಬಹುದೆಂದು ನನಗೆ ತಿಳಿದಿರಲಿಲ್ಲ. ಹೊಟ್ಟೆ ಸದ್ದು ಮಾಡಿದರೆ ಕೆಲಸ ಮಾಡುತ್ತಿದೆ ಎಂದರ್ಥ, ಅದಕ್ಕೆ ಅಷ್ಟು ಹೆದರಬೇಡಿ. ನಾಯಿ ಮಂಕಾಗಿದ್ದು ಹೊಟ್ಟೆಯೂ ಸುಮ್ಮನಾದರೆ ಚಿಂತೆ. ಹೊಟ್ಟೆ ಉಬ್ಬಿ ಬಿಗಿಯಾದರೆ, ಇಲ್ಲವೇ ಮತ್ತೆ ಮತ್ತೆ ವಾಂತಿಗೆ ಉಬ್ಬಳಿಸಿದರೆ ಕೂಡಲೇ ಕರೆತನ್ನಿ ಎಂದರು. ಸದ್ಯಕ್ಕೆ ತಿನ್ನಲು ಏನೂ ಬೇಡ, ಸ್ವಲ್ಪ ಸ್ವಲ್ಪ ನೀರು ಸಾಕು.

ಮುಟ್ಟಿ ನೋಡಿದೆ. ಹೊಟ್ಟೆ ಮೆತ್ತಗೇ ಇತ್ತು. ನೆಲಕ್ಕೆ ಮಂಡಿಯೂರಿ ಕಿವಿ ಹಚ್ಚಿದೆ. ಏನೂ ಇಲ್ಲ. ಮಧ್ಯಾಹ್ನ ನನ್ನ ಮಾನ ಕಳೆದ ಹೊಟ್ಟೆಯೇ ಇದು? ಒಂದು ಸಲ ಕೂಗು ಮಾರಾಯಾ, ಬೇಕಾದರೆ ಓಣಿಗೆಲ್ಲ ಕೇಳಲಿ ಎಂದು ಬೇಡಿಕೊಂಡೆ. ಮೊದಲು ಸುಮ್ಮನಿರು ಎಂದು ಬೇಡಿದವಳೂ ನಾನೇ.

ಹಿಂದಿನಿಂದ ಅವ್ವನ ದನಿ ಬಂತು. “ಏನಂದ್ರ ಡಾಕ್ಟ್ರು?”

“ಸಪ್ಪಳ ಬರ್ಬೇಕಂತ.”

ಮೋತ್ಯಾನನ್ನು ಎಂದೂ ಮುಟ್ಟದವಳು ಸೀರೆಯ ನಿರಿಗೆ ಹಿಡಿದು ಕೂತಳು, ಸೆರಗು ಕಿವಿಯ ಹಿಂದೆ ಸರಿಸಿದಳು, ಬಾಗಿದಳು. “ನಿನಗ ಸರಿಯಾಗಿ ಕೇಳಲಾಕ ಬರೂದಿಲ್ಲ, ಸರಿ ಅತ್ಲಾಗ.” ಹೀಗೆ ಒಂದು ನಾಯಿಯ ಹೊಟ್ಟೆಯ ಮೇಲೆ ಅವ್ವ ಒಂದು ಕಡೆ, ನಾನು ಒಂದು ಕಡೆ, ಇಬ್ಬರೂ ಉಸಿರು ಹಿಡಿದು ಕೂತೆವು.

ಆಗ ಬಂತು. ಬಗ್ಗಿಸಿದ ಕೊಡದ ಸದ್ದು. ಸಣ್ಣದು, ಆದರೆ ಖಂಡಿತ. ಮೋತ್ಯಾ ತಲೆಯೆತ್ತಿ ತನ್ನ ಹೊಟ್ಟೆಯನ್ನು ನೋಡಿಕೊಂಡ. “ಬಂತ ನೋಡು” ಎಂದಳು ಅವ್ವ. ಅವಳ ಕೈ ಅವನ ಪಕ್ಕೆಯ ಮೇಲೇ ಇತ್ತು. ಅಷ್ಟರಲ್ಲಿ ಇನ್ನೊಂದು ಸದ್ದು ಬಂತು. ಅದು ಉದ್ದವಾಗಿ, ತಾಳ ಹಿಡಿದು, ನಡುನಡುವೆ ಕಾಗೆಗಳ ಸಮೇತ ಬಂತು.

ಅವ್ವ ಮೋತ್ಯಾನ ಹೊಟ್ಟೆಯಿಂದ ಕಿವಿ ತೆಗೆದು ಹುಬ್ಬು ಗಂಟಿಕ್ಕಿದಳು. “ಇದ ಯಾರದು?”

ಸರಿಸಲು ಅಲ್ಲಿ ಬೆಂಚಿರಲಿಲ್ಲ.

“ನಂದು” ಅಂದೆ.

ಅವ್ವ ನನ್ನನ್ನು ನೋಡಿದಳು. ಬೆಳಿಗ್ಗೆಯಿಂದ ನಾನು ಏನೂ ಉಂಡಿಲ್ಲವೆಂದು ಅವಳಿಗೆ ಆಗ ಅರ್ಥವಾಗಿರಬೇಕು. ಮೊಣಕಾಲಿಗೆ ಕೈಕೊಟ್ಟು ಎದ್ದಳು. “ಏಳು, ರೊಟ್ಟಿ ಅದಾವ. ನಾಳೆ ಇದಕ್ಕ ಮಜ್ಜಿಗಿ ಅನ್ನ ಕಲಸ್ತೀನಿ” ಎನ್ನುತ್ತ ಅಡುಗೆಮನೆಯ ಕಡೆ ನಡೆದಳು. ಕುಣಿಕೋಣೂರಿನಲ್ಲಿ ಮಜ್ಜಿಗೆ ಅನ್ನ ಕಲಸಿಕೊಡುವವರು ಯಾರೂ ಇಲ್ಲವಾದ್ದರಿಂದ, ನಾಳೆ ಅವನು ಎಲ್ಲಿರುತ್ತಾನೆ ಎಂದು ನಾನು ಬಿಡಿಸಿ ಕೇಳಲಿಲ್ಲ.