ಬಿರುಕಿಗೆ ಓಡುವ ಪುಡಿ

ನಾಚಾರಂನ ಒಂದು ಸಣ್ಣ ಸಂಶೋಧನಾ ಘಟಕದಲ್ಲಿ ನನ್ನ ಕೆಲಸ. ಕಬ್ಬಿಣದ ಪುಡಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತಯಾರಿಸಿ, ಅವು ಒಂದಕ್ಕೊಂದು ಅಂಟದಂತೆ, ಮೈಗೆ ಒಗ್ಗುವಂತೆ ಸಕ್ಕರೆ ಜಾತಿಯ ಲೇಪ ಕೊಡುತ್ತೇವೆ. ನೋಡಲು ಕಡಕ್ ಚಹಾದಂಥ ನೀರು. ಬಾಟಲಿಗೆ ಅಯಸ್ಕಾಂತ ಹಿಡಿದರೆ ಕಪ್ಪೆಲ್ಲ ನಿಧಾನಕ್ಕೆ ಆ ಮಗ್ಗುಲಿಗೆ ಸರಿಯುತ್ತದೆ. ಮುಂದೊಂದು ದಿನ ಇದು ಔಷಧಿ ಹೊತ್ತು ರೋಗವಿದ್ದಲ್ಲಿಗೇ ಹೋಗಬೇಕೆಂಬುದು ನಮ್ಮ ಆಸೆ. ಸದ್ಯಕ್ಕೆ ಇಲಿಗಳ ಮೈಯೊಳಗೆ ಹೋಗುತ್ತಿದೆ.

ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಧಾರವಾಡದ ಕಡೆಯಿಂದ ಬಂದು ಬಾಲಾನಗರದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ವಿಮಾನದ ಬಿಡಿಭಾಗಗಳ ತಪಾಸಣೆ ಮಾಡಿದವನು. ಉಕ್ಕಿನ ತುಂಡಿಗೆ ಅಯಸ್ಕಾಂತದ ಗುಣ ಬರಿಸಿ ಮೇಲೆ ಕಬ್ಬಿಣದ ಪುಡಿ ಬಿಟ್ಟರೆ, ಕೂದಲೆಳೆಯಷ್ಟು ಬಿರುಕಿದ್ದರೂ ಪುಡಿ ಅಲ್ಲಿಗೇ ಓಡಿ ಗೆರೆ ಕಟ್ಟುತ್ತದೆ. ನನಗೆ ಬಂದ ಗಂಡುಗಳನ್ನೂ ಅವನು ಅದೇ ಕಣ್ಣಿನಿಂದ ನೋಡಿದ್ದ. ಯಾರೂ ಪಾಸಾಗಲಿಲ್ಲ, ನಾನು ಉಪ್ಪಲ್‌ನ ತವರಲ್ಲೇ ಉಳಿದೆ.

ಅಂಥವನ ಲಿವರಿನಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಗುವ ಹಾಗಿಲ್ಲ, ಆದರೆ ಬೇಗ ಔಷಧಿ ಶುರು ಮಾಡಿದರೆ ಒಂದಷ್ಟು ಕಾಲ ಸಿಗಬಹುದು ಎಂದರು ಡಾಕ್ಟರು. ಅಪ್ಪ ಹೋಗಲೊಲ್ಲ. ನನ್ನ ಪುಡಿಗಾಗಿ ಕಾದು ಕೂತ. ಕಣಗಳನ್ನು ಎಲ್ಲಿಗೆ ಕಳಿಸಿದರೂ ಕಡೆಗೆ ಲಿವರಿಗೇ ಹೋಗಿ ಸಾಯುತ್ತವೆ ಎಂದು ನಾನು ಊಟದ ಹೊತ್ತಿಗೆ ಎಷ್ಟೋ ಸಲ ಗೊಣಗಿದ್ದೆ. ಅದು ನಮ್ಮ ಕೆಲಸಕ್ಕೆ ಅಂಟಿದ ಪೀಡೆ. ಅವನಿಗೆ ಅದೇ ಆಸರೆಯಾಯಿತು.

"ನಿನ್ನ ಪುಡಿ ದಾರಿ ತಪ್ಪಿ ನನ್ನ ಜಾಗಕ್ಕ ಬರಾಕತ್ತೈತಿ," ಅಂದ. "ಬಿರುಕ ಎಲ್ಲೈತೋ ಪುಡಿ ಅಲ್ಲೇ ಹೋಗ್ತೈತಿ, ನೋಡವಾ."

ಮನುಷ್ಯರಿಗೆ ಕೊಡುವಂಥದ್ದಲ್ಲ ಎಂದರೆ, ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನನ್ನನ್ನೇ ಚುಚ್ಚುತ್ತಿದ್ದ. ಅವ್ವ ಅಳುತ್ತಿದ್ದಳು. ಅಪ್ಪನ ಮೈ ಹಳದಿಯಾಗತೊಡಗಿತ್ತು, ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಕೊನೆಗೆ ನಮ್ಮ ಒಂದು ಇಲಿಯ ಸ್ಕ್ಯಾನ್ ಚಿತ್ರ ತಂದು ಮುಂದಿಟ್ಟೆ. ಅದಕ್ಕೂ ಲಿವರಿನಲ್ಲಿ ಗಡ್ಡೆ. ಕಣಗಳು ಸೇರಿದ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಲಿವರೆಲ್ಲ ಕಪ್ಪಾಗಿತ್ತು, ನಡುವೆ ಗಡ್ಡೆಯೊಂದು ಬೆಳ್ಳಗೆ ಉಳಿದಿತ್ತು. ಚೆನ್ನಾಗಿರುವ ಭಾಗ ಪುಡಿಯನ್ನು ನುಂಗುತ್ತದೆ, ಗಡ್ಡೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ವಿವರಿಸಿದೆ. ಇನ್ನಾದರೂ ಹಟ ಬಿಟ್ಟು ಆಸ್ಪತ್ರೆಗೆ ಬರುತ್ತಾನೆಂದು ನಂಬಿದ್ದೆ.

ಅಪ್ಪ ಕನ್ನಡಕ ಏರಿಸಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಬೆಳ್ಳಗಿನ ಜಾಗದ ಸುತ್ತ ಉಗುರಿನಿಂದ ಗೆರೆ ಎಳೆದ.

"ಬಿರುಕ ಸಿಕ್ಕ ತುಂಡಿಗೆ ನಾವು ಕೆಂಪ ಬಣ್ಣ ಹಚ್ಚಿ ಬಾಜೂಕ ಇಡತಿದ್ವಿ," ಅಂದ. "ಅದನ್ನ ಯಾರೂ ರಿಪೇರಿ ಮಾಡ್ತಿದ್ದಿಲ್ಲ."

ನೀನು ಉಕ್ಕಿನ ತುಂಡಲ್ಲ ಎಂದು ಕೂಗಾಡಿದೆ. ಅವನು ಚಿತ್ರವನ್ನು ನನ್ನ ಕೈಗೆ ಕೊಟ್ಟು ಕೈತೊಳೆಯಲು ಎದ್ದುಹೋದ.

ಮರುದಿನ ಬೆಳಿಗ್ಗೆ, ಯಾವಾಗ ಬರುತ್ತೀರೆಂದು ಕೇಳಲು ಆಸ್ಪತ್ರೆಯಿಂದ ಫೋನ್ ಬಂತು. ಅಪ್ಪ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ತಪಾಸಣೆ ಮುಗಿಯಿತು, ಇನ್ನು ಬರುವುದಿಲ್ಲ ಎಂದು ಹಿಂದಿಯಲ್ಲಿ ಮರ್ಯಾದೆಯಿಂದ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, ಕೆಲಸಕ್ಕೆ ಹೊತ್ತಾಯಿತು, ಹೋಗು ಎಂದ. ಹೋದೆ. ಅಂದು ಇಲಿಗಳಿಗೆ ಹೊಸ ಬ್ಯಾಚು ಚುಚ್ಚುವುದಿತ್ತು.