ನಡತೆಯ ಪುಸ್ತಕದ ಮೂರನೆಯ ಸಾಲು

ರಾಯಚೂರಿನ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ನಾನು ಒಂಬತ್ತನೇ ಜಮಾತಿನಲ್ಲಿದ್ದ ವರ್ಷ ಬೆತ್ತ ನಿಂತಿತು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಅದು. ಮಂಗಳೂರು ಕಡೆಯಿಂದ ಹೊಸದಾಗಿ ಬಂದ ಹೆಡ್‌ಮಾಸ್ಟರ್ ಫಾದರ್, ಹುಡುಗರ ತಪ್ಪು ಬರೆದಿಡುವ ರಿಜಿಸ್ಟರನ್ನು ಕಪಾಟಿಗೆ ಹಾಕಿಸಿ ನೀಲಿ ರಟ್ಟಿನ ಇನ್ನೊಂದು ಪುಸ್ತಕ ತರಿಸಿದರು. ಅದರಲ್ಲಿ ಒಳ್ಳೆಯ ನಡತೆಯನ್ನು ಮಾತ್ರ ಬರೆಯಬೇಕು. ಮೂರು ಸಲ ಹೆಸರು ಬಂದ ಹಾಸ್ಟೆಲ್ ಹುಡುಗನಿಗೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಊರಿಗೆ ಹೋಗಲು ರಜೆ. ದೇವದುರ್ಗದವರಾದ ನಮ್ಮ ವಾರ್ಡನ್ ಇದನ್ನು ನಂಬಲಿಲ್ಲ. ಬೆತ್ತಕ್ಕೆ ಪಿಂಚಣಿ ಆಯಿತು, ಇನ್ನು ನನ್ನ ಸರದಿ ಎಂದು ಅಡುಗೆಯವನ ಮುಂದೆ ಹೇಳುತ್ತಿದ್ದರು.

ಪುಸ್ತಕ ಬರೆಯುವ ಕೆಲಸ ನನಗೆ ಬಂತು. ನನ್ನ ಅಕ್ಷರ ದುಂಡಗಿತ್ತು, ಮಾತು ಕಡಿಮೆ. ಬೇರೆ ಕಾರಣ ಇರಲಿಕ್ಕಿಲ್ಲ. ಫಾದರ್ ಮೊದಲ ಪುಟದಲ್ಲಿ ಎರಡು ನಿಯಮ ಬರೆಸಿದರು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು. ಮಾಡಿದವನೇ ಬಂದು ಹೇಳಿಕೊಂಡರೆ ಅದನ್ನು ಬರೆಯಬಾರದು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಂದಿನದನ್ನು ಬರೆದು ಅವರ ಮೇಜಿನ ಮೇಲಿಡುತ್ತಿದ್ದೆ. ಜ್ವರ ಬಂದವನಿಗೆ ಗಂಜಿ ಒಯ್ದದ್ದು, ಗಿಲ್ಲೆಸುಗೂರಿನವನು ಮಲ್ಲಟದವನನ್ನು ಬೈಯದೆ ಒಂದು ದಿನ ಕಳೆದದ್ದು, ಹೀಗೆ. ನನ್ನ ಹೆಸರನ್ನು ಬರೆಯುವುದಿದ್ದರೆ ಫಾದರ್ ಅವರೇ ಬರೆಯುತ್ತಿದ್ದರು.

ಪಕ್ಕದ ಮಂಚದ ಗೆಳೆಯ ನನ್ನಂತೆ ಮಾನ್ವಿಯವನು. ನಮ್ಮ ಮನೆಗಳ ನಡುವೆ ಎರಡು ಓಣಿ. ಅವನ ತಂದೆಗೆ ಸಂತೆಯಲ್ಲಿ ಬಟ್ಟೆ ವ್ಯಾಪಾರ. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಒಂದು ಬುಧವಾರ ಅವನ ಚಿಕ್ಕಪ್ಪ ಶಾಲೆಯ ಗೇಟಿಗೆ ಬಂದು ಹೋದ. ಆಮೇಲೆ ಗೆಳೆಯ ನನ್ನೊಬ್ಬನಿಗೆ ವಿಷಯ ಹೇಳಿದ. ಅವನ ಅಣ್ಣ ಭಾನುವಾರ ಬೆಳಗ್ಗೆ ಮನೆ ಬಿಡುತ್ತಾನೆ. ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಕರಾಚಿಗೆ. ಮರಳಿ ಬರುವುದಿಲ್ಲ. ರಾಯಚೂರು ಸ್ಟೇಷನ್ನಿನಲ್ಲಿ ಗುರುತಿನವರು ಹೆಚ್ಚೆಂದು ಸಿಂಧನೂರಿನ ದಾರಿ ಹಿಡಿಯುತ್ತಾನೆ. ಮನೆಯಿಂದ ಪತ್ರ ಬಂದರೆ ಫಾದರ್ ರಜೆ ಕೊಡುತ್ತಿದ್ದರು. ಆದರೆ ಸುದ್ದಿ ಹೊರಗೆ ಬೀಳಬಾರದೆಂದು ತಂದೆ ಪತ್ರ ಬರೆಯಲಿಲ್ಲ. ನಾನೂ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಪುಸ್ತಕದಲ್ಲಿ ಅವನ ಹೆಸರು ಎರಡು ಸಲ ಬಂದಿತ್ತು. ಇನ್ನೊಂದು ಸಾಲು ಬೇಕಿತ್ತು.

ಗುರುವಾರ ಬೆಳಗಿನ ಗಂಟೆಗೆ ಮೊದಲೇ ಅವನು ಬಾವಿಯಿಂದ ನೀರು ಸೇದಿ ಊಟದ ಕೋಣೆಯ ಹರವಿಗಳನ್ನೆಲ್ಲ ತುಂಬಿದ. ಏಳು ಹರವಿ. ನಾನು ವರಾಂಡದಲ್ಲಿ ಹಲ್ಲುಜ್ಜುತ್ತ ನೋಡಿದೆ. ನಾನು ನೋಡಿದ್ದು ಅವನಿಗೆ ತಿಳಿಯಲಿಲ್ಲ. ಸಂಜೆ ಬರೆಯಬೇಕಾದ ವಾಕ್ಯವನ್ನೂ ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದೆ. ಮಧ್ಯಾಹ್ನ ಅವನು ಬಂದು ಅಂಗೈ ತೋರಿಸಿದ. ಹಗ್ಗ ಉಜ್ಜಿ ಕೆಂಪಾಗಿತ್ತು.

"ನೀರು ನಾನೇ ತುಂಬೀನಿ. ಬರ್ಕೊ."

"ನಾ ನೋಡಿದ್ದೆ. ನೀ ಯಾಕ ಹೇಳಿದಿ?"

"ನೋಡಿದ್ರ ಮತ್ತೇನದ, ಬರಿ."

"ಹೇಳಿಬಿಟ್ಟಿ. ಇನ್ನ ಬರಿಯಾಕ ಬರಂಗಿಲ್ಲ."

"ನಿನ್ನ ಕಣ್ಣು ನೋಡಿದ್ದನ್ನ ನನ್ನ ಬಾಯಿ ಅಳಿಸ್ತದೇನಲೇ, ಮುನ್ಷಿ?"

ಅವನು ನಗುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಿದ್ದ.

ಸಂಜೆ ಪುಸ್ತಕ ಒಯ್ದಾಗ ಯಾರ ಹೆಸರೂ ಎತ್ತದೆ ಫಾದರ್ ಅವರನ್ನು ಕೇಳಿದೆ. ನಾನು ಕಂಡ ಮೇಲೆ ಮಾಡಿದವನೂ ಬಂದು ಹೇಳಿದರೆ ಏನು ಮಾಡಬೇಕು? ಅವರು ಮೊದಲ ಪುಟ ತಿರುವಿ ನೋಡಿ, ಬರೆಯಬಾರದು ಎಂದರು. ಆಮೇಲೆ ತಮ್ಮ ಪೆನ್ನು ತೆಗೆದು, ಸಂದೇಹ ಬಂದಾಗ ಮರೆಮಾಚದೆ ಕೇಳಿದನೆಂದು ನನ್ನ ಹೆಸರು ಬರೆದರು. ಅದು ನನ್ನ ಮೂರನೆಯ ಸಾಲು. ಶನಿವಾರದ ರಜೆ ನನಗೆ ಸಿಕ್ಕಿತು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಗೆಳೆಯ ಎರಡು ದಿನ ಮಾತಾಡಲಿಲ್ಲ. ಶನಿವಾರ ನಾನು ಹೊರಟಾಗ ಮುಖ ಒರೆಸುವ ತನ್ನ ದಸ್ತಿಯನ್ನು ಮಡಿಸಿ ಕೈಗೆ ಕೊಟ್ಟು, ಅಣ್ಣನಿಗೆ ಕೊಡು ಎಂದ.

ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದಾಗ ಹಿತ್ತಲ ಬಾಗಿಲಲ್ಲಿ ಗಾಡಿ ನಿಂತಿತ್ತು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ. ತಾಯಿ ಪರದೆಯ ಹಿಂದೆ ನಿಂತಿದ್ದರು. ಅಣ್ಣ ದಸ್ತಿ ಬಿಚ್ಚಿ ನೋಡಿದ. ಒಳಗೆ ಏನೂ ಇರಲಿಲ್ಲ. ಮಡಿಸಿ ಜೇಬಿಗಿಟ್ಟುಕೊಂಡ. ತಮ್ಮ ಯಾಕೆ ಬರಲಿಲ್ಲ ಎಂದು ಕೇಳಿದ. ರಜೆ ಸಿಗಲಿಲ್ಲ ಎಂದೆ. ನಿನಗೆ ಸಿಕ್ಕಿತಲ್ಲ ಎಂದು ಅವನು ಕೇಳಲಿಲ್ಲ. ಗಾಡಿ ಓಣಿಯ ತಿರುವು ದಾಟುವವರೆಗೆ ನಿಂತಿದ್ದು ಮನೆಗೆ ಬಂದೆ. ಅವ್ವ ರೊಟ್ಟಿ ಹಾಕಿದಳು. ತಿಂದೆ.

ಸಂಜೆ ಹಾಸ್ಟೆಲಿನಲ್ಲಿ ಗೆಳೆಯ ತನ್ನ ಮಂಚದ ಮೇಲೆ ಕುಳಿತು ಕಾಯುತ್ತಿದ್ದ.

"ಮೈಮ್ಯಾಲ ಏನಿತ್ತು?"

"ಕಂದು ಶೇರ್ವಾನಿ. ಮ್ಯಾಲಿನ ಗುಂಡಿ ಇರಲಿಲ್ಲ."

"ಅತ್ತನೇನು?"

"ಇಲ್ಲ."

"ನನ್ನ ಕೇಳಿದನೇನು?"

"ಕೇಳಿದ. ರಜಾ ಸಿಗಲಿಲ್ಲ ಅಂದೆ."

ಅವನು ತಲೆಯಾಡಿಸಿದ. ಇನ್ನೇನೂ ಕೇಳಲಿಲ್ಲ. ಕೇಳಿದ್ದಿದ್ದರೆ ಎಲ್ಲವನ್ನೂ ಹೇಳುತ್ತಿದ್ದೆ, ಯಾವುದನ್ನೂ ಮರೆತಿರಲಿಲ್ಲ.

ಸೋಮವಾರ ಬೆಳಗ್ಗೆ ಗಂಟೆಗೆ ಮೊದಲು ಬಾವಿಯ ಗಾಲಿಯ ಸದ್ದು ಕೇಳಿ ವರಾಂಡಕ್ಕೆ ಬಂದೆ. ಅವನು ಅಂಗೈಗೆ ಬಟ್ಟೆ ಸುತ್ತಿಕೊಂಡು ನೀರು ಸೇದುತ್ತಿದ್ದ. ಈ ಸಲ ನನ್ನನ್ನು ನೋಡಿದ. ಏಳೂ ಹರವಿ ತುಂಬಿದ ಮೇಲೆ ಕೊಡ ಬೋರಲು ಹಾಕಿ ಒಳಗೆ ಹೋದ. ಮಧ್ಯಾಹ್ನ ಬರಲಿಲ್ಲ, ಸಂಜೆಯೂ ಬರಲಿಲ್ಲ. ಏನೂ ಹೇಳಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ನೀಲಿ ಪುಸ್ತಕ ತೆಗೆದು ಅವನ ಹೆಸರು ಬರೆದೆ. ಮೂರನೆಯ ಸಾಲು. ಮುಂದಿನ ಶನಿವಾರ ಫಾದರ್ ಅವನಿಗೆ ರಜೆಯ ಚೀಟಿ ಕೊಟ್ಟರು. ಅವನು ಅದನ್ನು ತನ್ನ ಪಠ್ಯಪುಸ್ತಕದ ನಡುವೆ ಇಟ್ಟು ಹಾಸ್ಟೆಲಿನಲ್ಲೇ ಉಳಿದ.